ಪದಚರ್ಚೆ: ‘ವೆದರಿಂಗ್’ಗೆ ‘ಸವೆತ’ ಸಾಕೇ?

ಗೆಳೆಯರೇ, ನಮಸ್ಕಾರ.

ಅಮೆರಿಕದ ಕಪ್ಪು ಮಹಿಳೆಯರ ಆರೋಗ್ಯದ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. (‘ಕರಿಯ’ ಬೇಡವೆಂದು ಬಿಟ್ಟೆ. ನಮ್ಮಲ್ಲಿ ಅದು ಬೈಗುಳದ ಹಾಗೆ ಕೇಳುತ್ತದೆ.) ಬಿಸಿಲು ಮಳೆಗೆ ಬಂಡೆ ಶಿಥಿಲವಾಗುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ವೆದರಿಂಗ್’ ಎಂಬ ಪದದ ಹತ್ತಿರ ಬಂದು ಕೈ ನಿಂತುಬಿಟ್ಟಿದೆ.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕಿ ಆರ್ಲೀನ್ ಜೆರೋನಿಮಸ್ 1992ರಲ್ಲಿ ಈ ಪದವನ್ನು ಆರೋಗ್ಯದ ಮಾತಿಗೆ ತಂದರು. ಬಿಳಿಯರಲ್ಲಿ ಹದಿಹರೆಯದ ತಾಯಂದಿರಿಗಿಂತ ಇಪ್ಪತ್ತು ದಾಟಿದವರ ಕೂಸುಗಳು ಉಳಿಯುವುದು ಜಾಸ್ತಿ. ಕಪ್ಪು ತಾಯಂದಿರಲ್ಲಿ ಈ ಲೆಕ್ಕ ತಿರುಗುಮುರುಗು ಆಗಿತ್ತು. ಇಪ್ಪತ್ತರ ಹರೆಯಕ್ಕೇ ಅವರ ಮೈ ಸೋಲಲು ಶುರುವಾಗಿರುತ್ತದೆ ಎಂದರು ಜೆರೋನಿಮಸ್. ಬಣ್ಣದ ತಾರತಮ್ಯ, ಬಡತನ, ದಿನದಿನದ ಅವಮಾನ, ಸದಾ ಮೈಯೆಲ್ಲ ಕಣ್ಣಾಗಿರಬೇಕಾದ ಒತ್ತಡ. ಇದೆಲ್ಲ ಹುಟ್ಟಿನಿಂದ ಮುಪ್ಪಿನವರೆಗೆ ಮೈಯೊಳಗೆ ಸೇರುತ್ತಾ ಹೋಗುತ್ತದೆ. ಬಿ.ಪಿ., ಹೃದಯದ ತೊಂದರೆ ಬೇಗ ಬರುತ್ತವೆ. ಇದನ್ನೇ ಅವರು ‘ವೆದರಿಂಗ್’ ಎಂದು ಕರೆದರು.

ಭೂಗೋಳದ ಪಾಠದಲ್ಲಿ ವೆದರಿಂಗ್‌ಗೆ ‘ಶಿಥಿಲೀಕರಣ’ ಅಂತ ಓದಿದ್ದೆವು. ಬಂಡೆಗೆ ಅದು ಸರಿ, ಹೆಣ್ಣಿನ ಮೈಗೆ ಒಗ್ಗುವುದಿಲ್ಲ. ‘ಬಸವಳಿಕೆ’ ಒಂದು ರಾತ್ರಿ ಚೆನ್ನಾಗಿ ಮಲಗಿದರೆ ಹೋಗುತ್ತದೆ. ‘ಜೀವ ತೇಯ್ದಳು’ ಎಂಬುದರಲ್ಲಿ ಮೆಚ್ಚುಗೆ ಇದೆ, ತಾನಾಗಿ ಕೊಟ್ಟಳು ಎಂಬ ಅರ್ಥ ಇದೆ. ಇಲ್ಲಿ ಯಾರೂ ತಾವಾಗಿ ಕೊಟ್ಟಿಲ್ಲ.

ಉಳಿದದ್ದು ‘ಸವೆತ’. ಹಗ್ಗ ಉಜ್ಜಿ ಉಜ್ಜಿ ಬಾವಿಕಟ್ಟೆಯ ಕಲ್ಲು ಸವೆಯುತ್ತದಲ್ಲ, ಹಾಗೆ. ಕಾಲದ ಉದ್ದ ಅದರಲ್ಲಿ ಬರುತ್ತದೆ. ಆದರೆ ಡಾಕ್ಟರು ‘ಮೂಳೆ ಸವೆತ’ ಅಂದರೆ ನಾವು ‘ವಯಸ್ಸಾಯ್ತು, ಏನು ಮಾಡೋಕಾಗುತ್ತೆ’ ಅಂದುಕೊಳ್ಳುತ್ತೇವೆ, ಅಲ್ವಾ? ನನ್ನ ತಕರಾರು ಅಲ್ಲೇ. ಇದು ತಾನಾಗಿ ಆದದ್ದಲ್ಲ. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿ.ಡಿ.ಸಿ. ಲೆಕ್ಕದಲ್ಲಿ 2023ರಲ್ಲಿ 1 ಲಕ್ಷ ಜೀವಂತ ಹೆರಿಗೆಗೆ 50.3 ಕಪ್ಪು ತಾಯಂದಿರು ತೀರಿಕೊಂಡರು. ಬಿಳಿಯರಲ್ಲಿ ಅದು 14.5. ಓದು ಕೂಡ ಕಾಪಾಡುವುದಿಲ್ಲ. ಡಿಗ್ರಿ ಮುಗಿಸಿದ ಕಪ್ಪು ಮಹಿಳೆಯರಲ್ಲೂ ಬಸಿರು, ಬಾಣಂತನದ ಸಾವು ಹೈಸ್ಕೂಲು ಮುಗಿಸದ ಬಿಳಿ ಮಹಿಳೆಯರಿಗಿಂತ ಜಾಸ್ತಿ ಎಂದು ಅದೇ ಸಂಸ್ಥೆ 2019ರಲ್ಲಿ ಹೇಳಿತ್ತು. ಹಾಗಾಗಿ ‘ಸವೆಯುವುದು’ ಸಾಲದು, ‘ಸವೆಸುವುದು’ ಬೇಕು. ಆದರೆ ‘ಸವೆಸುವಿಕೆ’ ನಾಲಿಗೆಗೆ ಒರಟು. ‘ಮೈಸವೆತ’ ಎಂದು ಬರೆದು, ಯಾರು ಸವೆಸಿದರು ಎಂಬುದನ್ನು ವಾಕ್ಯದಲ್ಲೇ ಹೇಳೋಣವೇ?

ಇನ್ನೊಂದು ತೊಡಕು. ಇಂಗ್ಲಿಷ್ ಪದಕ್ಕೆ ಗಾಳಿಮಳೆ ತಡೆದು ನಿಲ್ಲುವುದು ಎಂಬ ಅರ್ಥವೂ ಇದೆ. ಜೆರೋನಿಮಸ್ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಈ ಪದ ಬಳಸುತ್ತಾರೆ. ‘ಸವೆತ’ದಲ್ಲಿ ಆ ಗಟ್ಟಿತನ ಕಾಣುವುದಿಲ್ಲ. ‘ಬಿಸಿಲು ಮಳೆಗೆ ಮೈಯೊಡ್ಡಿದವಳು’ ಅಂದರೆ ಎರಡೂ ಬರುತ್ತವೆ. ಪದೇ ಪದೇ ಬಳಸಲು ಅದು ಉದ್ದವಾಯಿತು.

ನಮ್ಮ ಕಡೆ ಕಷ್ಟಕ್ಕೆ ಸಿಕ್ಕಿ ಬೇಗ ಮುದಿಯಾದವರಿಗೆ ‘ಹಣ್ಣಾಗಿ ಹೋದಳು’ ಅನ್ನುತ್ತಾರೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಏನನ್ನುತ್ತೀರಿ? ಮನೆಯ ಹಿರಿಯ ಹೆಂಗಸರನ್ನು ಒಮ್ಮೆ ಕೇಳಿ ಬರೆಯಿರಿ.