ಪುಗಚೋವಾ ಜೈಲಿನಲ್ಲಿ ಇಲ್ಲ, ಮಾವ

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಮಾತು ಇದು. ಅಲ್ಲಾ ಪುಗಚೋವಾ ಹಾಡುಗಳನ್ನು ನಾನು ಹತ್ತು ವರ್ಷದಿಂದ ಕೇಳುತ್ತಿದ್ದೇನೆ. ಹಾಗಾಗಿ ಸುಮ್ನೆ ಇರಲು ಆಗಲಿಲ್ಲ.

ರಾಘು ಮಾವ (ಫಾರ್ವರ್ಡ್): ಯುದ್ಧ ಬೇಡ ಎಂದಿದ್ದಕ್ಕೆ ರಷ್ಯಾದ ಗಾಯಕಿ ಪುಗಚೋವಾಗೆ ಜೈಲು! ಐದು ಮದುವೆಯಾದ ಈಕೆ ಯಾರು? ಕೊನೆವರೆಗೂ ಓದಿ, ಹತ್ತು ಜನಕ್ಕೆ ಕಳಿಸಿ.

ರಾಘು ಮಾವ: ನಾನು ಆಗಿನಿಂದ ಹೇಳುತ್ತಿದ್ದೇನೆ. ಈ ಕಾಲದಲ್ಲಿ ಬಾಯಿ ತೆಗೆದರೆ ಕಷ್ಟ.

ಕಿರಣ: ಯಾವ ಪೇಪರಿನಲ್ಲಿ ಬಂದಿದೆ ಮಾವ? ತಾರೀಖೇ ಇಲ್ಲ.

ರಾಘು ಮಾವ: ನಿನಗೆ ಎಲ್ಲದಕ್ಕೂ ಪುರಾವೆ ಬೇಕು. ನಮ್ಮ ಹಳೇ ಬ್ಯಾಚಿನ ಗುಂಪಿನಲ್ಲಿ ಬಂದಿದ್ದು.

ಕಿರಣ: ಕಷಾಯದ ಮೆಸೇಜೂ ಅಲ್ಲಿಂದಲೇ ಬಂದಿತ್ತು. ಅಜ್ಜಿಗೆ ಎರಡು ದಿನ ಹೊಟ್ಟೆ ಕೆಟ್ಟಿತು.

ಸುಧಾ ಅತ್ತೆ: ಅದು ಕಷಾಯದಿಂದ ಅಲ್ಲ. ಹಲಸಿನ ಹಣ್ಣು ಜಾಸ್ತಿ ತಿಂದಿದ್ದರು.

ದೊಡ್ಡಪ್ಪ: ಐದು ಮದುವೆ! ಈಗಿನ ಗಂಡ 27 ವರ್ಷ ಚಿಕ್ಕವನಂತೆ. ಹೆಸರು, ದುಡ್ಡು ಇದ್ದರೆ ಸಾಲದು. ಸಂಸಾರ ಅಂದರೆ ಹೊಂದಿಕೊಂಡು ಹೋಗಬೇಕು.

ಸತೀಶ: ರಷ್ಯಾ ಅಂದ ತಕ್ಷಣ ಸೋವಿಯತ್ ಲ್ಯಾಂಡ್ ಪತ್ರಿಕೆ ನೆನಪಾಯಿತು! ಆ ನುಣುಪು ಹಾಳೆಯಲ್ಲಿ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದೆವು. ನನ್ನ ಗಣಿತದ ಪುಸ್ತಕದ ಮೇಲೆ ಟ್ರ್ಯಾಕ್ಟರ್ ಇತ್ತು.

ಸುಧಾ ಅತ್ತೆ: ಹೌದು ಕಣೋ! ಅಣ್ಣ ನವಕರ್ನಾಟಕದಿಂದ ರಷ್ಯನ್ ಕಥೆ ಪುಸ್ತಕ ತರುತ್ತಿದ್ದ. ಅವೆಲ್ಲ ಎಲ್ಲಿ ಹೋದವು?

ಸತೀಶ: ಮನೆ ಭಾಗ ಆದಾಗ ಕಾಣೆಯಾದವು. ಯಾರು ತೆಗೆದುಕೊಂಡರು ಅಂತ ಈಗ ಹೇಳುವುದು ಬೇಡ.

ರಾಘು ಮಾವ: ಹೇಳು. ನನ್ನ ಹೆಸರೇ ಹೇಳು.

ನಾನು: ಮಾವ, ಪುಗಚೋವಾ ಜೈಲಿನಲ್ಲಿ ಇಲ್ಲ. 2022ರಲ್ಲಿ ಉಕ್ರೇನ್ ಯುದ್ಧವನ್ನು ವಿರೋಧಿಸಿದ ಅವರ ಗಂಡ ಮ್ಯಾಕ್ಸಿಮ್ ಗಾಲ್ಕಿನ್ ಹೆಸರನ್ನು ರಷ್ಯಾ ಸರ್ಕಾರ ‘ವಿದೇಶಿ ಏಜೆಂಟ್’ ಪಟ್ಟಿಗೆ, ಅಂದರೆ ಹೊರದೇಶದ ಪ್ರಭಾವದಲ್ಲಿ ಇರುವವರು ಎಂಬ ಪಟ್ಟಿಗೆ ಸೇರಿಸಿತು. ಎರಡೇ ದಿನದಲ್ಲಿ ಪುಗಚೋವಾ, ನನ್ನ ಹೆಸರನ್ನೂ ಸೇರಿಸಿ ಎಂದು ಇನ್‌ಸ್ಟಾಗ್ರಾಮಿನಲ್ಲಿ ಬರೆದರು. ನಮ್ಮ ಹುಡುಗರು ಸಾಯುವುದು ನಿಲ್ಲಬೇಕು ಎಂದು ಬಯಸುವವನು ನನ್ನ ಗಂಡ ಎಂದೂ ಬರೆದರು. ಆಗ ಅವರಿಗೆ 73 ವರ್ಷ. ಇಡೀ ಸೋವಿಯತ್ ದೇಶವೇ ತಲೆಯ ಮೇಲೆ ಹೊತ್ತು ಮೆರೆಸಿದ್ದ ಹೆಂಗಸು ಅವರು. ಕಳೆದುಕೊಳ್ಳಲು ತುಂಬಾ ಇತ್ತು.

ಕಿರಣ: ಇದನ್ನು ನೋಡಿದೆ, ಸರಿಯಾಗಿದೆ. ಜೈಲು ಸುಳ್ಳು.

ರಾಘು ಮಾವ: ವಿರೋಧಿಸಿದ್ದು ನಿಜ ತಾನೇ? ಮತ್ತೆ ನಾನು ಹೇಳಿದ್ದರಲ್ಲಿ ತಪ್ಪೇನು?

ವಾಣಿ: ದೊಡ್ಡಪ್ಪ, ಹೊಂದಿಕೊಂಡು ಹೋಗಬೇಕು ಅಂದಿರಲ್ಲ, ಅದು ನನಗೂ ಹೇಳಿದ್ದಾ?

ದೊಡ್ಡಪ್ಪ: ನಿನ್ನ ವಿಷಯ ಯಾರು ತೆಗೆದರು?

ವಾಣಿ: ನನ್ನ ಎರಡನೇ ಮದುವೆಗೆ ನೀವು ಬರಲಿಲ್ಲ. ಅಕ್ಷತೆ ಹಾಕಲು ನಿಮ್ಮನ್ನೇ ಕಾಯುತ್ತಿದ್ದೆ.

ದೊಡ್ಡಪ್ಪ: ಮಂಡಿ ನೋವಿತ್ತು.

ವಾಣಿ: ಅದೇ ವಾರ ಧರ್ಮಸ್ಥಳಕ್ಕೆ ಹೋಗಿದ್ದಿರಿ. ಫೋಟೋ ಇದೇ ಗುಂಪಿನಲ್ಲಿದೆ.

ಅರ್ಧ ಗಂಟೆ ಯಾರೂ ಬರೆಯಲಿಲ್ಲ. ವಾಣಿ ಕೇಳಿದ್ದು ಸರಿ ಎಂದೇ ನನಗೆ ಅನಿಸಿತು. ಒಬ್ಬ ಹೆಂಗಸಿನ ಬದುಕನ್ನು ಮದುವೆಗಳ ಲೆಕ್ಕದಲ್ಲಿ ಮುಗಿಸಬಾರದು.

ನಾನು: ದೊಡ್ಡಪ್ಪ, 1986ರಲ್ಲಿ ಚೆರ್ನೋಬಿಲ್ ಅಣು ಸ್ಥಾವರ ಸ್ಫೋಟವಾಗಿ ಕೆಲವೇ ತಿಂಗಳಿಗೆ ಪುಗಚೋವಾ ಅಲ್ಲಿಗೆ ಹೋದರು. ವಿಕಿರಣದ ನಡುವೆ ದುಡಿಯುತ್ತಿದ್ದವರ ಮುಂದೆ ನಿಂತು ಹಾಡಿದರು. ಅವರ ಗುಲಾಬಿ ಹಾಡನ್ನಾದರೂ ಒಮ್ಮೆ ಕೇಳಿ. ಲಾತ್ವಿಯಾದ ರೈಮಂಡ್ಸ್ ಪಾಲ್ಸ್ ರಾಗ, ವೋಜ್ನೆಸೆನ್ಸ್ಕಿ ಸಾಹಿತ್ಯ. ಬಡ ಚಿತ್ರಕಾರನೊಬ್ಬ ಮನೆ ಮಾರಿ, ತಾನು ಮೆಚ್ಚಿದ ನಟಿಯ ಕಿಟಕಿಯ ಕೆಳಗೆ ಹತ್ತು ಲಕ್ಷ ಗುಲಾಬಿ ತುಂಬಿಸುವ ಕಥೆ. ಜಾರ್ಜಿಯಾದ ಚಿತ್ರಕಾರ ಪಿರೊಸ್ಮಾನಿ ಬಗ್ಗೆ ಜನ ಹೇಳುವ ಕಥೆಯಿಂದ ಹುಟ್ಟಿದ್ದು.

ಸತೀಶ: ನಮ್ಮ ಹಿತ್ತಿಲಲ್ಲೂ ಗುಲಾಬಿ ಇತ್ತು, ನೆನಪಿದೆಯಾ?

ವಾಣಿ: ಕೇಳಿದೆ. ಒಂದು ಮಾತೂ ಅರ್ಥವಾಗಲಿಲ್ಲ. ಮತ್ತೆ ಹಾಕಿಕೊಂಡೆ.

ದೊಡ್ಡಪ್ಪ: ಆ ಚಿತ್ರಕಾರ ಆಮೇಲೆ ಏನಾದ?

ನಾನು: 1918ರಲ್ಲಿ ತಿಬ್ಲಿಸಿಯಲ್ಲಿ ಬಡತನದಲ್ಲೇ ತೀರಿಕೊಂಡ.

ದೊಡ್ಡಪ್ಪ: ಪಾಪ. ವಾಣಿ, ಸಂಜೆ ಮನೆಯಲ್ಲಿ ಇರುತ್ತೀಯಾ?