ಓದುಗರ ಸ್ಪಂದನ: ಹಾಡುವವಳಿಗೆ ಪಿಎಚ್‌.ಡಿ. ಯಾಕೆ?

ಸಮಸ್ಯೆ: ನನಗೀಗ 39 ವರ್ಷ. ಕರ್ನಾಟಕ ಸಂಗೀತದಲ್ಲಿ ಶೇ 58 ಅಂಕ ಪಡೆದು ಎಂ.ಎ. ಮಾಡಿದ್ದೇನೆ. ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತೇನೆ. ಪಿಎಚ್‌.ಡಿ. ಮಾಡುವ ಆಸೆ ಇದೆ. ‘ಹಾಡೋಕೆ ಡಾಕ್ಟರೇಟ್ ಬೇಕಾ? ಅದೂ ಈ ವಯಸ್ಸಲ್ಲಿ?’ ಅಂತ ಮನೆಯವರು ಕೇಳುತ್ತಾರೆ. ಯಾವ ವಿಷಯ ತಗೋಬೇಕು ಅಂತಲೂ ತೋಚುತ್ತಿಲ್ಲ.

ಅಕ್ಕಾ, ಮೊದಲು ವಯಸ್ಸಿನ ಚಿಂತೆ ಬಿಡಿ. ಪಿಎಚ್‌.ಡಿ.ಗೆ ಯುಜಿಸಿ (ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಅನುದಾನ ಆಯೋಗ) ವಯಸ್ಸಿನ ಮಿತಿ ಇಟ್ಟಿಲ್ಲ. ಎಂ.ಎ.ಯಲ್ಲಿ ಶೇ 55 ಇದ್ದರೆ ಸಾಕು, ನಿಮಗೆ ಅದಕ್ಕಿಂತ ಜಾಸ್ತಿಯೇ ಇದೆ. ಸಂಶೋಧನೆ ಮಾಡುವವರಿಗೆ ತಿಂಗಳು ತಿಂಗಳು ದುಡ್ಡು ಕೊಡುವ ಜೆಆರ್‌ಎಫ್ ಫೆಲೋಶಿಪ್‌ಗೆ ಮಾತ್ರ 30 ವರ್ಷದ ಮಿತಿ ಇದೆ, ಹೆಂಗಸರಿಗೆ 35. ಹಾಗಾಗಿ ಆ ದುಡ್ಡನ್ನು ನಂಬಿಕೊಳ್ಳಬೇಡಿ. 2024ರ ಜೂನ್‌ನಿಂದ ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಎನ್‌ಇಟಿಯಲ್ಲಿ (ನೆಟ್) ಪಿಎಚ್‌.ಡಿ. ಪ್ರವೇಶಕ್ಕಷ್ಟೇ ಅರ್ಹತೆ ಕೊಡುವ ವಿಭಾಗವೂ ಇದೆ. ಆ ಅಂಕ ಒಂದು ವರ್ಷ ನಡೆಯುತ್ತದೆ. 2022ರ ನಿಯಮದ ಪ್ರಕಾರ ಪಿಎಚ್‌.ಡಿ. ಮುಗಿಸಲು ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಹೆಂಗಸರಿಗೆ ಇನ್ನೂ 2 ವರ್ಷ ಹೆಚ್ಚಿಗೆ ಸಿಗಬಹುದು. ಪಾರ್ಟ್ ಟೈಮ್ ಮಾಡಬಹುದು, ದೂರಶಿಕ್ಷಣದಲ್ಲಿ ಆಗುವುದಿಲ್ಲ.
– ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ನೋಡಮ್ಮಾ, ನಾನು ಪಿಎಚ್‌.ಡಿ.ಗೆ ಸೇರಿದ್ದು 41ನೇ ವಯಸ್ಸಿಗೆ. ‘ದಾಸರ ಪದಗಳು ಮತ್ತು ಸಂಗೀತ’ ಅಂತ ದೊಡ್ಡ ವಿಷಯ ಬರೆದುಕೊಂಡು ಹೋಗಿದ್ದೆ. ಗೈಡ್ ಓದಿ ಒಂದೇ ಮಾತು ಕೇಳಿದರು: ‘ಇದರಲ್ಲಿ ನಿಮ್ಮ ಕೈಗಷ್ಟೇ ಸಿಗುವಂಥದ್ದು ಏನಿದೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಊರಿಗೆ ಹೋದಾಗ ಟ್ರಂಕಿನಲ್ಲಿ ಅಜ್ಜಿಯ ಹಾಡಿನ ಪುಸ್ತಕ ಸಿಕ್ಕಿತು. ಎಣ್ಣೆ ಕಲೆ, ನೀಲಿ ಶಾಯಿ, ಪ್ರತಿ ಪದದ ತಲೆಯ ಮೇಲೆ ರಾಗದ ಹೆಸರು. ಒಂದು ಪದಕ್ಕೆ ‘ಕಾಂಬೋದಿ’ ಅಂತ ಬರೆದಿತ್ತು. ಅಜ್ಜಿಯ ತಂಗಿ ಇನ್ನೂ ಇದ್ದರು. ಹಾಡಿ ಅಂದೆ. ಅವರು ಹೂ ಕಟ್ಟುತ್ತಲೇ ಹಾಡಿದರು. ಮೇಲೆ ಹೋಗುವಾಗ ಪ್ರತಿ ಸಲ ‘ಸ ರಿ ಮ’ ಅಂತ ಗಾಂಧಾರ ಬಿಟ್ಟುಬಿಡುತ್ತಿದ್ದರು. ಕಾಂಬೋದಿಯಲ್ಲಿ ಮೇಲೆ ಹೋಗುವಾಗ ಗಾಂಧಾರ ಇರುತ್ತದೆ. ಬಿಡುವುದು ಯದುಕುಲಕಾಂಬೋದಿ ಅನ್ನುವ ಬೇರೆ ರಾಗದ ನಡೆ, ಅಲ್ವಾ? ಪುಸ್ತಕದಲ್ಲಿ ಒಂದು, ಬಾಯಲ್ಲಿ ಇನ್ನೊಂದು! ಎರಡು ನಿಮಿಷದ ಆ ಹಾಡಿಗೆ ಸ್ವರ ಹಾಕಲು ನನಗೆ ನಾಲ್ಕು ದಿನ ಹಿಡಿಯಿತು. ಮೊಬೈಲಿನಲ್ಲಿ ಹಿಂದೆ ಮುಂದೆ ಮಾಡಿ ಅದೆಷ್ಟು ಸಲ ಕೇಳಿದೆನೋ.

ದಾಸರ ಪದಗಳ ಸಾಹಿತ್ಯ ಉಳಿದಿದೆ, ರಾಗ ತಾಳಗಳ ಹೆಸರೂ ಉಳಿದಿವೆ. ಮೂಲ ಧಾಟಿಗೆ ಸ್ವರ ಹಾಕಿ ಬರೆದಿಟ್ಟವರಿಲ್ಲ. ಅದು ಇಂಥ ಹೆಂಗಸರ ಬಾಯಲ್ಲಿ ಬದಲಾಗುತ್ತಾ ಬಂದಿದೆ. ಕೊನೆಗೆ ನಮ್ಮ ಸುತ್ತಲಿನ ಹನ್ನೊಂದು ಮನೆಗಳ ಹಾಡಿನ ಪುಸ್ತಕಗಳೇ ನನ್ನ ವಿಷಯವಾಯಿತು. ಪ್ರಬಂಧ ಮುಗಿಯುವ ಹೊತ್ತಿಗೆ ಆ ಚಿಕ್ಕಜ್ಜಿ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ಪ್ರವೇಶ ಸಿಗಲಿ ಅಂತ ಕಾಯಬೇಡಿ. ಹಾಡುವವರು ಯಾರಿದ್ದಾರೆ ನೋಡಿ, ಈ ವಾರವೇ ಹೋಗಿ ಧ್ವನಿ ಹಿಡಿದಿಡಿ. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಅನ್ನುವುದನ್ನು ಅಲ್ಲೇ ಬರೆದುಕೊಳ್ಳಿ. ಆಮೇಲೆ ನೆನಪಿರುವುದಿಲ್ಲ.

ಹಾಡೋಕೆ ಡಾಕ್ಟರೇಟ್ ಬೇಡ, ನಿಜ. ಗಂಗೂಬಾಯಿ ಹಾನಗಲ್ ಹೆಚ್ಚು ಶಾಲೆ ಕಲಿತವರಲ್ಲ. ಇವತ್ತು ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಆದರೆ ಹಾಡುವುದು ಬೇರೆ, ಹಾಡು ಹೇಗೆ ಉಳಿಯಿತು ಅಂತ ಹುಡುಕುವುದು ಬೇರೆ. ಈ ಹುಡುಕಾಟಕ್ಕೆ ಹಾಡು ಬಲ್ಲ ಕಿವಿಯೇ ಬೇಕು, ಅದು ನಿಮಗಿದೆ. ಇಂಗ್ಲಿಷಿಗೆ ಹೆದರಿದ್ದರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಕನ್ನಡದಲ್ಲೇ ಬರೆಯಬಹುದು.
– ನಿವೃತ್ತ ಸಂಗೀತ ಅಧ್ಯಾಪಕಿ, ಶಿವಮೊಗ್ಗ

ಸಹೋದರಿ, ನಿಮ್ಮ ಮನೆಯವರು ಕೇಳಿದ್ದನ್ನೇ ನಾನೂ ನನ್ನ ಹೆಂಡತಿಗೆ ಕೇಳಿದ್ದೆ. ಈಗ ನೆನೆಸಿಕೊಂಡರೆ ಬೇಜಾರಾಗುತ್ತದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಬೇರೆ: ಎಷ್ಟು ದಿನ ಹೊರಗಿರುತ್ತಾಳೆ, ಎಷ್ಟು ಖರ್ಚಾಗುತ್ತದೆ, ಮಕ್ಕಳನ್ನು ಯಾರು ನೋಡುತ್ತಾರೆ. ಅವಳು ಒಂದು ಹಾಳೆಯಲ್ಲಿ ಎಲ್ಲ ಬರೆದು ನನ್ನ ಮುಂದಿಟ್ಟಳು. ಕೋರ್ಸ್‌ವರ್ಕ್ ಇಷ್ಟು ದಿನ, ಫೀಸು ಇಷ್ಟು, ತಿಂಗಳಿಗೆ ಎರಡು ಸಲ ಪ್ರಯಾಣ. ಅದನ್ನು ಓದಿದ ಮೇಲೆ ವಾದ ಮಾಡಲು ಏನೂ ಉಳಿಯಲಿಲ್ಲ. ಅವಳು ಹೋದ ದಿನ ಅಡುಗೆ ನನ್ನದು ಅಂತ ಆಯಿತು.

ಇನ್ನೊಂದು ಮಾತು. ಎರಡನೇ ವರ್ಷ ಬರೀ ಬರೆಯುವುದರಲ್ಲೇ ಮುಳುಗಿ ಅವಳ ರಿಯಾಜ್ ನಿಂತುಹೋಗಿತ್ತು. ಮನೆಯಲ್ಲಿ ಸಿಡುಕು ಜಾಸ್ತಿಯಾಯಿತು. ಯಾಕೆ ಅಂತ ನನಗೆ ತಿಳಿಯಲಿಲ್ಲ, ಅವಳ ಗುರುಗಳಿಗೆ ತಿಳಿಯಿತು. ಬೆಳಿಗ್ಗೆ ಒಂದು ತಾಸು ತಂಬೂರಿ ಹಿಡಿದ ಮೇಲೆಯೇ ಪೆನ್ನು ಹಿಡಿ ಅಂದರು. ನೀವು ಮೊದಲ ದಿನದಿಂದಲೇ ಹಾಗೆ ಮಾಡಿ. ಮತ್ತೆ, ಈ ಕಾಗದವನ್ನು ನಿಮ್ಮ ಯಜಮಾನರಿಗೂ ಓದಲು ಕೊಡಿ.
– ಓದುಗ, ಧಾರವಾಡ