ಪೆಟ್ಟಿಲ್ಲದೆ ಹರಿದ ಕೈ ಸ್ನಾಯು: ಎಂ62 ಹಾಕಬೇಕೇ, ಎಸ್66 ಹಾಕಬೇಕೇ?

ಪ್ರಶ್ನೆ

ಅಮೆರಿಕದ ಒಂದು ಮೂಳೆ ಚಿಕಿತ್ಸಾಲಯದ ಹೊರರೋಗಿ ಚಾರ್ಟ್‌ಗಳಿಗೆ ಬೆಂಗಳೂರಿನಿಂದ ಐಸಿಡಿ-10-ಸಿಎಂ (ರೋಗ, ಗಾಯಗಳಿಗೆ ಅಮೆರಿಕದಲ್ಲಿ ಬಳಸುವ ಕೋಡ್ ಪಟ್ಟಿ) ಕೋಡ್ ಹಾಕುವ ಕೆಲಸಕ್ಕೆ ಸೇರಿ ನನಗೆ ಐದು ತಿಂಗಳಾಗಿದೆ. ಒಂದು ಚಾರ್ಟ್‌ನಲ್ಲಿ ವೈದ್ಯರು ‘ಬಲ ಹೆಬ್ಬೆರಳ ಬುಡದ ಸ್ನಾಯು ಹರಿದಿದೆ’ ಎಂದಷ್ಟೇ ಬರೆದಿದ್ದರು. ಬಿದ್ದ ಮಾತಾಗಲಿ ಪೆಟ್ಟಿನ ಮಾತಾಗಲಿ ಎಲ್ಲಿಯೂ ಇರಲಿಲ್ಲವಾದ್ದರಿಂದ ನಾನು ಎಂ62.141 (ಪೆಟ್ಟಿಲ್ಲದೆ ಹರಿದ ಬಲಗೈ ಸ್ನಾಯು) ಹಾಕಿದೆ. ಆಡಿಟರ್ ಅದನ್ನು ತಪ್ಪೆಂದು ಗುರುತಿಸಿ, ಎಸ್66.411ಎ (ಬಲ ಹೆಬ್ಬೆರಳ ಸ್ನಾಯುವಿನ ಗಾಯ) ಆಗಬೇಕಿತ್ತು ಎಂದಿದ್ದಾರೆ. ಪೆಟ್ಟಾಗಿದೆ ಎಂದು ಯಾರೂ ಬರೆಯದಿರುವಾಗ ಗಾಯದ ಕೋಡ್ ಹೇಗೆ ಸರಿಯಾಗುತ್ತದೆ? ಇಂತಹ ಚಾರ್ಟ್‌ಗಳನ್ನು ನೋಡಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಮೂಳೆ ವಿಭಾಗದ ಹಿರಿಯ ಕೋಡರ್

ನಿಮ್ಮ ಆಡಿಟರ್ ಹೇಳಿದ್ದು ಇಂಡೆಕ್ಸ್ (ಕೋಡ್ ಪುಸ್ತಕದ ಅಕಾರಾದಿ ಪದಪಟ್ಟಿ) ಪ್ರಕಾರ ಸರಿ, ಆದರೆ ಅವರೂ ಅರ್ಧ ದಾರಿಯಲ್ಲೇ ನಿಂತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಇಂಡೆಕ್ಸ್‌ನಲ್ಲಿ ‘ರಪ್ಚರ್’ (ಹರಿಯುವಿಕೆ) ಪದದ ಕೆಳಗೆ ‘ಮಸಲ್’ (ಸ್ನಾಯು) ಹುಡುಕಿದರೆ, ಅದರ ಪಕ್ಕದ ಆವರಣದೊಳಗೆ ‘ಟ್ರಾಮ್ಯಾಟಿಕ್’ (ಪೆಟ್ಟಿನಿಂದಾದ) ಎಂದಿದೆ. ಆವರಣದೊಳಗಿನ ಪದ ಚಾರ್ಟ್‌ನಲ್ಲಿ ಇರಲಿ, ಬಿಡಲಿ, ಕೋಡ್ ಬದಲಾಗುವುದಿಲ್ಲ. ಅಂದರೆ ವೈದ್ಯರು ಏನನ್ನೂ ಹೇಳದಿದ್ದರೆ ಪುಸ್ತಕವು ಅದನ್ನು ಪೆಟ್ಟಿನಿಂದ ಹರಿದದ್ದೆಂದೇ ಎಣಿಸಿ ‘ಸ್ಟ್ರೇನ್’ (ಸ್ನಾಯು ಎಳೆತದ ಗಾಯ) ಕಡೆಗೆ ಕಳುಹಿಸುತ್ತದೆ. ಎಂ62.14 ತಲುಪಬೇಕಾದರೆ ‘ನಾನ್‌ಟ್ರಾಮ್ಯಾಟಿಕ್’ ಎಂಬ ಉಪಸಾಲಿಗೆ ಇಳಿಯಬೇಕು, ಇಳಿಯುವುದಕ್ಕೆ ಚಾರ್ಟ್‌ನಲ್ಲಿ ಆಧಾರವಿರಬೇಕು. ವಿಚಿತ್ರವೆಂದರೆ ‘ಸೆಪರೇಷನ್’ ಕೆಳಗೆ ಇದು ತಿರುವುಮುರುವಾಗಿದೆ: ಅಲ್ಲಿ ಆವರಣದೊಳಗಿರುವುದು ‘ನಾನ್‌ಟ್ರಾಮ್ಯಾಟಿಕ್’, ಆದ್ದರಿಂದ ಕೈ ಸ್ನಾಯು ಬೇರ್ಪಟ್ಟಿದೆ ಎಂದು ಮಾತ್ರ ಬರೆದಿದ್ದರೆ ನೇರವಾಗಿ ಎಂ62.04 ಸಿಗುತ್ತದೆ. ವೈದ್ಯರು ಬಳಸುವ ಒಂದು ಪದದಿಂದ ಅಧ್ಯಾಯವೇ ಬದಲಾಗುವುದನ್ನು ನಾನೂ ಮೊದಲ ವರ್ಷ ನಂಬಿರಲಿಲ್ಲ.

ಆದರೂ ಪುಸ್ತಕದ ಊಹೆಗೆ ಕೆಲಸ ಬಿಡುವ ಮುನ್ನ ವೈದ್ಯರಿಗೆ ಕ್ವೆರಿ (ಸ್ಪಷ್ಟೀಕರಣ ಕೇಳುವ ಪ್ರಶ್ನೆ) ಕಳುಹಿಸುವುದು ಒಳ್ಳೆಯದು. ಗಾಯದ ಕೋಡ್ ಹೋದರೆ ಎಷ್ಟೋ ವಿಮಾ ಕಂಪನಿಗಳು ಹಣ ತಡೆಹಿಡಿದು, ಅಪಘಾತ ಎಲ್ಲಿ ಆಯಿತು, ಕೆಲಸದ ಸ್ಥಳದಲ್ಲಿ ಆಯಿತೇ ಎಂದು ರೋಗಿಗೇ ಪತ್ರ ಬರೆಯುತ್ತವೆ. ಕ್ವೆರಿಯಲ್ಲಿ ‘ಇದು ಪೆಟ್ಟಿಲ್ಲದೆ ಆದದ್ದು ತಾನೇ?’ ಎಂದು ಉತ್ತರವನ್ನು ನೀವೇ ಬಾಯಿಗೆ ಇಡಬಾರದು. ಗಾಯದಿಂದ ಆದದ್ದು, ಗಾಯವಿಲ್ಲದೆ ಆದದ್ದು, ಬೇರೆ ಕಾರಣ, ನಿರ್ಧರಿಸಲು ಸಾಧ್ಯವಿಲ್ಲ ಎಂಬ ಆಯ್ಕೆಗಳನ್ನು ಕೊಟ್ಟು ಬಿಟ್ಟರೆ ಸಾಕು. ಹಳೆಯ ಗಾಯ ಮಾಗಿದ ಮೇಲೆ ಉಳಿದ ತೊಂದರೆಯೂ, ಮರುಕಳಿಸುವ ತೊಂದರೆಯೂ ಸಾಮಾನ್ಯವಾಗಿ 13ನೆಯ ಅಧ್ಯಾಯಕ್ಕೆ (ಎಂ ಕೋಡ್‌ಗಳು), ಈಗಷ್ಟೇ ಆದ ಗಾಯ 19ನೆಯ ಅಧ್ಯಾಯಕ್ಕೆ (ಎಸ್, ಟಿ ಕೋಡ್‌ಗಳು) ಸೇರುತ್ತದೆಂದು ಮಾರ್ಗಸೂಚಿಯೇ ಹೇಳುವುದರಿಂದ, ತೊಂದರೆ ಎಂದಿನಿಂದ ಇದೆ ಎಂಬುದನ್ನೂ ಕೇಳಿ.

ಉತ್ತರ: ಫಿಸಿಯೋಥೆರಪಿ ಓದಿ ಕೋಡಿಂಗ್‌ಗೆ ಬಂದವರು

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ಎಡವಿದ್ದು ಸ್ನಾಯು ಸೊರಗಿದ ಚಾರ್ಟ್‌ಗಳಲ್ಲಿ. ಹೆಬ್ಬೆರಳ ಬುಡದ ಉಬ್ಬು ಕರಗಿದೆ ಎಂದು ಓದಿದ ಕೂಡಲೇ ಎಂ62.541 ಹಾಕಿ ಮುಂದೆ ಹೋಗುತ್ತಿದ್ದೆ. ಎರಡು ಸಾಲು ಕೆಳಗೆ ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆ) ಎಂದು ಬರೆದಿರುತ್ತಿತ್ತು. ಅಲ್ಲಿ ಮೂಲ ಕಾರಣ ನರದ್ದು, ಬಲಗೈಯಾದರೆ ಜಿ56.01. ನಮ್ಮ ತಂಡದಲ್ಲಿ ಅದನ್ನು ಮೊದಲು ಬರೆದು, ವೈದ್ಯರು ಸೊರಗಿದ್ದನ್ನು ಪ್ರತ್ಯೇಕ ರೋಗನಿರ್ಣಯವಾಗಿ ಕೊಟ್ಟಿದ್ದರೆ ಮಾತ್ರ ಎಂ62.541 ಸೇರಿಸುತ್ತೇವೆ. ನಮ್ಮ ಊರಿನಲ್ಲಿ ಸ್ನಾಯು ಹಿಡಿದರೂ ‘ನರ ಹಿಡಿದಿದೆ’ ಎನ್ನುವ ರೂಢಿಯಿದೆ. ಆ ಅಭ್ಯಾಸವನ್ನು ಕೋಡಿಂಗ್‌ಗೆ ತರಬೇಡಿ.

ಇನ್ನೊಂದು ವಿಷಯ: ಕಾರ್ಪಲ್ ಟನಲ್‌ಗೆ ಎರಡೂ ಕೈ ಸೇರಿದ ಜಿ56.03 ಇದೆ, ಎಂ62ರಲ್ಲಿ ಕೈಗೆ ಅಂತಹದ್ದು ಇಲ್ಲ. ಎರಡೂ ಕೈ ಸೊರಗಿದ್ದರೆ 541 (ಬಲ) ಮತ್ತು 542 (ಎಡ) ಎರಡನ್ನೂ ಬರೆಯಬೇಕು. 549 ಎಂಬ ‘ಯಾವ ಕೈ ಎಂದು ತಿಳಿಯದು’ ಕೋಡ್ ಕಂಡರೆ ನನಗೆ ಮುಜುಗರವಾಗುತ್ತದೆ. ವೈದ್ಯರು ಎಡ-ಬಲ ಬರೆಯದಿದ್ದರೂ ನರ್ಸ್ ಅಥವಾ ಥೆರಪಿಸ್ಟ್ ಅದೇ ದಾಖಲೆಯಲ್ಲಿ ಬರೆದಿದ್ದರೆ ತೆಗೆದುಕೊಳ್ಳಲು ಈಗ ಅನುಮತಿಯಿದೆ.

ಉತ್ತರ: ಆಡಿಟ್ ಕೆಲಸದಲ್ಲಿರುವವರು

ನನ್ನ ಮೇಜಿಗೆ ಹೆಚ್ಚು ಬರುವುದು ‘ಬೆರಳು ಮಡಚಿಕೊಂಡಿದೆ’ ಎಂಬುದನ್ನೆಲ್ಲ ಎಂ62.44ಕ್ಕೆ (ಕೈ ಸ್ನಾಯು ಕುಗ್ಗಿ ಬಿಗಿಯಾಗಿರುವುದು) ತುಂಬಿದ ಚಾರ್ಟ್‌ಗಳು. ಅಂಗೈ ಪೊರೆ ಗಟ್ಟಿಯಾದ ಡುಪ್ಯುಟ್ರೆನ್ ಆದರೆ ಎಂ72.0, ಕೀಲೇ ಬಿಗಿದಿದ್ದರೆ ಎಂ24.54, ಬೆರಳು ಸಿಕ್ಕಿಕೊಂಡು ಟಕ್ಕೆಂದು ಬಿಡುವುದಾದರೆ ಎಂ65.3 ಗುಂಪು. ಸ್ನಾಯುವಿಗೆ ರಕ್ತ ಸರಬರಾಜು ನಿಂತು ಅದು ಸತ್ತಿದ್ದರೆ ಎಂ62.24, ಆದರೆ ಸ್ನಾಯುಗಳ ಪೊರೆಯೊಳಗೆ ಏರಿದ ಒತ್ತಡದಿಂದಾದ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅಲ್ಲಿಗೆ ಸೇರದು, ಪೆಟ್ಟಿಲ್ಲದ್ದಕ್ಕೆ ಎಂ79.ಎ1, ಪೆಟ್ಟಿನದ್ದಕ್ಕೆ ಟಿ79.ಎ ಎಂದು ಎಕ್ಸ್‌ಕ್ಲೂಡ್ಸ್ 1 (ಈ ಕೋಡ್ ಜೊತೆ ಹಾಕಬಾರದವು) ಟಿಪ್ಪಣಿ ಅಲ್ಲೇ ಇದೆ. ಇಂಡೆಕ್ಸ್‌ನಿಂದ ನೇರವಾಗಿ ಕೋಡ್ ಎತ್ತಿಕೊಂಡವರಿಗೆ ಆ ಟಿಪ್ಪಣಿ ಕಣ್ಣಿಗೆ ಬೀಳುವುದೇ ಇಲ್ಲ. ಹೊರರೋಗಿ ಚಾರ್ಟ್‌ನಲ್ಲಿ ‘ಇರಬಹುದು’, ‘ಸಂಶಯ’ ಎಂದಿದ್ದರೆ ರೋಗಕ್ಕೆ ಕೋಡ್ ಹಾಕದೆ, ನೋವು, ಊತ ಮುಂತಾದ ಲಕ್ಷಣಕ್ಕೆ ಹಾಕಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಾಲ್ಕು ಆಯ್ಕೆಗಳನ್ನು ಕೊಟ್ಟು ಕ್ವೆರಿ ಕಳುಹಿಸಿದ್ದೆ, ಇಂದು ಉತ್ತರ ಬಂದಿದೆ. ರೋಗಿ ಎಲ್ಲಿಯೂ ಬಿದ್ದಿರಲಿಲ್ಲ, ಆದರೆ ಸಿಕ್ಕಿಕೊಂಡ ಡ್ರಾಯರ್ ಒಂದನ್ನು ಜೋರಾಗಿ ಎಳೆದಾಗ ಹೆಬ್ಬೆರಳ ಬುಡದಲ್ಲಿ ಚಟ್ ಎಂದಿತಂತೆ, ಆದ್ದರಿಂದ ವೈದ್ಯರು ಗಾಯವೆಂದೇ ಗುರುತಿಸಿದ್ದಾರೆ. ಎಂ62.141 ತೆಗೆದು ಎಸ್66.411ಎ ಹಾಕಿ, ಜೊತೆಗೆ ಅತಿಶ್ರಮಕ್ಕೆ ಎಕ್ಸ್50.0ಎಕ್ಸ್ಎಕ್ಸ್ಎ ಸೇರಿಸಿ ಮರಳಿ ಕಳುಹಿಸಿದ್ದೇನೆ.